ನಮ್ಮ ಮನೆಗೂ ಪುರುಡು

ಹಿರಿಯರ ಹಬ್ಬಕ್ಕೆ ಸರಿಯಾಗಿ ಒಂದು ವಾರ ಇತ್ತು. ಮಂಗಳವಾರ ಕಾಲೇಜು ಬಿಟ್ಟ ಮೇಲೆ ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ನಿಂತು ಅಪ್ಪನಿಗೆ ಫೋನ್ ಮಾಡಿದೆ. ಮನೆಯಿಂದ ಮಾಡುವಂತಿರಲಿಲ್ಲ. ಅವ್ವ ಇರುವಾಗ ಫೋನಿನ ಮೇಲೆ ಅಪ್ಪನ ಹೆಸರು ಕಂಡರೆ ಸಾಕು, ನಮ್ಮ ಮನೆಯಲ್ಲಿ ಆಡುತ್ತಿದ್ದ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು.

ಕೇಳಬೇಕಾಗಿದ್ದುದು ಒಂದೇ. ಅಮಾವಾಸ್ಯೆಗೆ ಯಾವ ಬಸ್ಸಿಗೆ ಬರುತ್ತಾನೆ?

ನಾನು ಎಂಟನೇ ತರಗತಿಯಲ್ಲಿದ್ದಾಗ ಅಪ್ಪ ಶುಂಠಿ ಕೀಳುವ ಗುಂಪಿಗೆ ಮೇಸ್ತ್ರಿಯಾಗಿ ಎಚ್.ಡಿ. ಕೋಟೆ ಕಡೆಗೆ ಹೋದ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ. ಕೋಟೆಯಲ್ಲೇ ಇನ್ನೊಂದು ಸಂಸಾರ ಮಾಡಿದ್ದಾನೆ ಎಂಬ ಮಾತು ಅವನಿಗಿಂತ ಮೊದಲು ನಮ್ಮ ಊರಿಗೆ ಬಂತು. ಅವ್ವ ಅವನನ್ನು ಏನೂ ಕೇಳಲಿಲ್ಲ. ಅವನ ಬಟ್ಟೆಗಳನ್ನೆಲ್ಲ ಒಗೆದು, ಮಡಿಸಿ, ಚೀಲಕ್ಕೆ ತುಂಬಿ ಜಗುಲಿಯ ಮೇಲಿಟ್ಟಳು. ಅವನು ಆ ಚೀಲ ತೆಗೆದುಕೊಂಡು ಹೋದ. ಅಂದಿನಿಂದ ವರ್ಷಕ್ಕೆ ಒಂದೇ ದಿನ ಬರುತ್ತಾನೆ, ತೀರಿಹೋದ ತಾತನಿಗೆ ಎಡೆ ಇಡಲು. ತಾತನಿಗೆ ಅವನೊಬ್ಬನೇ ಮಗ. ಹೆಂಡತಿಯನ್ನು ಬಿಟ್ಟರೂ ಹಿರಿಯರನ್ನು ಬಿಡಬಾರದು ಎಂದು ಅವನ ಲೆಕ್ಕ ಇರಬೇಕು.

ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಮಳೆ ಬಂತೇ, ಬಸ್ ಎಷ್ಟು ತಡವಾಯಿತು, ಮನೆಗೆ ಯಾರು ಬಂದರು, ಇಷ್ಟೇ. ಮನಸ್ಸಿನ ಮಾತು ಬರೆಯಲು ನನಗೆ ಬರುವುದಿಲ್ಲ. ಅಪ್ಪ ಬಂದ ದಿನಗಳೂ ಅದರಲ್ಲಿವೆ. ಮೊದಲ ವರ್ಷ ಹತ್ತು ಗಂಟೆಗೆ ಬಂದು ಐದರ ಬಸ್ಸಿಗೆ ಹೋದ. ಎರಡನೆಯ ವರ್ಷ ಹನ್ನೆರಡಕ್ಕೆ ಬಂದು ನಾಲ್ಕಕ್ಕೇ ಹೊರಟ. ಆ ನಾಲ್ಕು ಗಂಟೆಯಲ್ಲಿ ಎಡೆ ಇಟ್ಟ, ಉಂಡ, ನನ್ನ ಸೈಕಲ್ಲಿನ ಬ್ರೇಕ್ ಬಿಗಿ ಮಾಡಿದ, ನನ್ನ ಮಾರ್ಕ್ಸ್ ಕಾರ್ಡನ್ನು ತಲೆಕೆಳಗು ಹಿಡಿದುಕೊಂಡು "ಜಾಣೆ ಕಣವ್ವ ನೀನು" ಅಂದ. ಓದಲು ಬರದವನಲ್ಲ, ನಗಿಸಲು ಹಾಗೆ ಮಾಡುತ್ತಿದ್ದ. ಮುಂದಿನ ಅಮಾವಾಸ್ಯೆಯವರೆಗೆ ನನಗೆ ಅಷ್ಟು ಸಾಕಾಗಬೇಕಿತ್ತು, ಸಾಕಾಗುತ್ತಲೂ ಇತ್ತು.

"ಅಪ್ಪ, ಅಮಾಸೆಗೆ ಯಾವ ಬಸ್ಸಿಗೆ ಬತ್ತೀಯ?"

"ಬತ್ತೀನಿ ಕಣವ್ವ, ಬತ್ತೀನಿ. ಅದ್ಕೂ ಮುಂಚೆ ಒಂದು ಮಾತದೆ. ಯಾರ್ಗೂ ಯೋಳ್ಬ್ಯಾಡ."

"ಏನು?"

"ನಿಂಗೆ ತಮ್ಮ ಹುಟ್ಟವ್ನೆ. ನೆನ್ನೆ."

ಕುಶಾಲನಗರದ ಬಸ್ಸೊಂದು ಹಾರನ್ ಹೊಡೆಯುತ್ತ ಒಳಗೆ ಬಂತು. ಅದು ನಿಂತು, ಜನ ಇಳಿಯುವುದನ್ನು ನೋಡಿದೆ. ಆಮೇಲೆ ಬಾಯಿಂದ ಬಂದದ್ದು: "ಎಷ್ಟೊತ್ತಲ್ಲಿ?"

"ಬೆಳಗ್ಗೆ ಆರೂವರೇಲಿ. ಯಾಕೆ?"

ಯಾಕೆಂದು ನನಗೂ ಗೊತ್ತಿರಲಿಲ್ಲ. ಯಾರಾದರೂ ಏನಾದರೂ ಆಯಿತೆಂದರೆ ನನಗೆ ಮೊದಲು ಹೊಳೆಯುವ ಪ್ರಶ್ನೆಯೇ ಅದು.

"ಅಜ್ಜಿಗೆ ಮಾತ್ರ ಬಾಯ್ಬುಡ್ಬ್ಯಾಡ," ಅಂದ ಅಪ್ಪ. "ಗೊತ್ತಾದ್ರೆ ಪುರುಡು ಅಂತ ಕೂತ್ಕತಾಳೆ. ಎಡೆ ಇಲ್ಲ, ಏನಿಲ್ಲ, ನಾನು ಬರಂಗೂ ಇಲ್ಲ. ಹಬ್ಬ ಮುಗೀಲಿ, ನಾನೇ ಯೋಳ್ತೀನಿ. ಗೊತ್ತಿಲ್ದೋರ್ಗೆ ಎಂಥ ಪುರುಡು, ಅಲ್ವಾ?"

ವಂಶದಲ್ಲಿ ಕೂಸು ಹುಟ್ಟಿದರೆ ಆ ವಂಶದವರ ಮನೆಗಳಲ್ಲೆಲ್ಲ ಹತ್ತು ದಿನ ಪುರುಡು. ದೇವರಿಗೆ ದೀಪ ಹಚ್ಚುವಂತಿಲ್ಲ, ಹಿರಿಯರಿಗೆ ಎಡೆ ಇಡುವಂತಿಲ್ಲ. ಹನ್ನೊಂದನೆಯ ದಿನ ಮನೆ ತೊಳೆದು, ತಲೆಗೆ ನೀರು ಹುಯ್ದುಕೊಂಡರೆ ಅದು ಕಳೆಯುತ್ತದೆ. ಸಾವಿನ ಸೂತಕದ ಹಾಗೆಯೇ, ಕಾರಣ ಮಾತ್ರ ಸಂತೋಷದ್ದು. ಬಸ್ಸಿನಲ್ಲಿ ಕೂತು ಬೆರಳು ಮಡಚಿದೆ. ಸೋಮವಾರದಿಂದ ಎಣಿಸಿದರೆ ಅಮಾವಾಸ್ಯೆ ಬರುವುದು ಒಂಬತ್ತನೆಯ ದಿನಕ್ಕೆ. ಎರಡು ದಿನ ಮೊದಲು ಹುಟ್ಟಿದ್ದರೆ ಸರಿಹೋಗುತ್ತಿತ್ತಲ್ಲ ಎಂದುಕೊಂಡೆ. ತಮ್ಮ ಎನ್ನಿಸಿಕೊಂಡವನ ಮೇಲೆ ನನಗಿದ್ದ ಮೊದಲ ತಕರಾರು ಅದು. ನನಗೆ ವರ್ಷಕ್ಕಿದ್ದುದು ಒಂದೇ ದಿನ. ಹುಟ್ಟಿದ ಮಾರನೆಯ ದಿನವೇ ಅವನು ಅದಕ್ಕೆ ಕೈ ಹಾಕಿದ್ದ.

ಆ ದಿನದ ಪುಟದಲ್ಲಿ ‘ಅಪ್ಪ ಬರುತ್ತಾನೆ’ ಎಂದಷ್ಟೇ ಬರೆದೆ.

ಬುಧವಾರ, ಗುರುವಾರ, ಶುಕ್ರವಾರ ಮಾಮೂಲಾಗಿ ಕಾಲೇಜಿಗೆ ಹೋಗಿ ಬಂದೆ. ಮಾತನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಅಷ್ಟೇನೂ ಕಷ್ಟವಲ್ಲ ಅನ್ನಿಸಿತು. ಕಷ್ಟವಾದದ್ದು ಮನೆಯವರ ತಯಾರಿ ನೋಡುವುದು. ಅವ್ವ ಬೈಲಕುಪ್ಪೆಯ ಒಂದು ಹೋಟೆಲಿನಲ್ಲಿ ಮೋಮೋ ಕಡುಬಿಗೆ ಹಿಟ್ಟು ನಾದುವ ಕೆಲಸ ಮಾಡುತ್ತಾಳೆ. ಟೂರಿಸ್ಟುಗಳು ಬರುವ ಕಾಲವಾದ್ದರಿಂದ ರಜೆ ಕೊಡುವುದೇ ಇಲ್ಲ. ಆದರೂ ಮಂಗಳವಾರಕ್ಕೆ ರಜೆ ಕೇಳಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಹೋದ ವರ್ಷವೂ ಕೇಳಿದ್ದಳು. ಅಪ್ಪ ಉಣ್ಣುವಾಗ ಬಾಗಿಲ ಹಿಂದಿನಿಂದ ಕೈ ಮಾತ್ರ ಚಾಚಿ ಸಾರು ಬಡಿಸಿದ್ದಳು.

ಶನಿವಾರ ಅಜ್ಜಿ ಕಜ್ಜಾಯದ ಪಾಕಕ್ಕೆ ಕೂತಳು. ಅಪ್ಪನನ್ನು ಹೆತ್ತವಳು ಅಜ್ಜಿ. ಮಗ ಹೋದರೂ ಅವಳು ನಮ್ಮ ಜೊತೆ ಉಳಿದಳು. ಕಜ್ಜಾಯದ ಹಿಟ್ಟು ಎರಡು ಮೂರು ದಿನ ಮೊದಲೇ ಕಲಸಿಟ್ಟರೆ ಹದ ಬರುತ್ತದೆ. ತಾತನಿಗೆ ಕಜ್ಜಾಯವೆಂದರೆ ಪ್ರಾಣವಂತೆ. ತಲೆಗೆ ನೀರು ಹುಯ್ದುಕೊಂಡು, ಒದ್ದೆ ಕೂದಲನ್ನು ಗಂಟು ಹಾಕಿ, ಒಲೆಯ ಮೇಲೆ ಬೆಲ್ಲ ಇಟ್ಟಳು. ಏಲಕ್ಕಿ ಕುಟ್ಟುವ ಕೆಲಸ ನನಗೆ. ಕಾಲೇಜು ಅರ್ಧ ದಿನವಿತ್ತು, ಅವ್ವ ಕೆಲಸಕ್ಕೆ ಹೋಗಿದ್ದಳು.

ಅಜ್ಜಿಗೆ ತಾತನ ಜೊತೆ ಮಾತಾಡುವ ಅಭ್ಯಾಸ. ಗೋಡೆಯ ಫೋಟೋ ಕಡೆ ನೋಡುವುದಿಲ್ಲ, ಪಕ್ಕದಲ್ಲೇ ಕೂತಿರುವವನ ಜೊತೆ ಆಡುವ ಹಾಗೆ ಆಡುತ್ತಾಳೆ. "ಈ ಸಲ ಬೆಲ್ಲ ಒಸಿ ಕಪ್ಪು ಕಣ. ಅಂಗಡಿಯೋನು ಇದೇ ಒಳ್ಳೇದು ಅಂದ. ನಿನ್ ಮಗ ಬತ್ತಾನಂತೆ. ಬಂದೇ ಬತ್ತಾನೆ ಬುಡು. ನಿಂಗೆ ಅನ್ನ ಇಕ್ಕೋದನ್ನ ಮಾತ್ರ ತಪ್ಪಿಸಿಲ್ಲ ಅವ್ನು."

ಪಾಕ ಕುದಿಯುತ್ತಿತ್ತು. ಒಂದು ಹನಿ ತೆಗೆದು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡಿದಳು. "ಬಂತು. ಅಕ್ಕಿಹಿಟ್ಟು ತತ್ತಾ ಮಗಾ, ಬ್ಯಾಗ."

ಹಿಟ್ಟಿನ ಪಾತ್ರೆ ನನ್ನ ಕೈಯಲ್ಲೇ ಇತ್ತು. ಕೊಡಲಾಗಲಿಲ್ಲ.

"ಅಜ್ಜಿ, ಅಪ್ಪಂಗೆ ಕೂಸಾಗಿದೆ."

ಯಾಕೆ ಹೇಳಿದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅಜ್ಜಿಗೆ ಮೋಸವಾಗಬಾರದು ಎಂದೇ ಅಥವಾ ಆ ಕೂಸಿನ ಸುದ್ದಿ ನನಗೊಬ್ಬಳಿಗೇ ಯಾಕೆ ಕುತ್ತಿಗೆ ಹಿಸುಕಬೇಕು ಎಂದೇ? ಎರಡೂ ಇದ್ದವು. ಯಾವುದು ಎಷ್ಟು ಎಂದು ಹೇಳಲಾರೆ.

ಅಜ್ಜಿ ಸೌಟನ್ನು ಪಾಕದಲ್ಲೇ ಬಿಟ್ಟಳು. "ಗಂಡಾ, ಹೆಣ್ಣಾ?"

"ಗಂಡು."

"ಯಾವತ್ತು?"

"ಸೋಮವಾರ. ಬೆಳಗ್ಗೆ ಆರೂವರೆಗೆ."

ಹೆಬ್ಬೆರಳಿನಿಂದ ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಮುಟ್ಟಿದಳು. ಅವಳ ತುಟಿ ಅಲುಗುವುದನ್ನು ನೋಡುತ್ತಿದ್ದೆ. "ಗುರುವಾರಕ್ಕೆ ಕಳೀತದೆ," ಅಂದಳು. ಆಮೇಲೆ, "ಇಷ್ಟು ಗೊತ್ತಿದ್ದೂ ಬಂದು ಎಡೆ ಮಡಗ್ತೀನಿ ಅಂದ್ನಾ ಅವ್ನು?"

"ಹೂಂ."

"ಅವ್ರಪ್ಪ ಬಂದು, ಮೂಸಿ, ಅಂಗೇ ಉಪಾಸ ಓಗಿರೋನು."

ಅಷ್ಟೇ. ಅಳಲಿಲ್ಲ, ಬಯ್ಯಲಿಲ್ಲ. ಒಲೆಯಿಂದ ಕೊಳ್ಳಿ ಹಿಂದಕ್ಕೆಳೆದು ನೀರು ಚಿಮುಕಿಸಿ ಎದ್ದಳು. ಹಿಟ್ಟು ಬೀಳದ ಪಾಕ ಬಾಣಲೆಯಲ್ಲೇ ಉಳಿಯಿತು. ಸಂಜೆಯ ಹೊತ್ತಿಗೆ ಅದು ಸೌಟನ್ನು ಹಿಡಿದುಕೊಂಡು ಕಲ್ಲಾಗಿತ್ತು.

ಅವ್ವ ಬರುವಾಗ ಏಳು ಗಂಟೆ. ದಿನವೂ ಅಜ್ಜಿ ಆರೂವರೆಗೆ ದೇವರ ಗೂಡಿನಲ್ಲಿ ದೀಪ ಹಚ್ಚಿರುತ್ತಾಳೆ. ಅವ್ವ ಒಳಗೆ ಬಂದವಳು ಮೊದಲು ಅದರ ಕಡೆ ನೋಡಿ ಕೈಮುಗಿದು ಆಮೇಲೆ ಕಾಲು ತೊಳೆಯಲು ಹೋಗುತ್ತಾಳೆ. ಅಂದು ಮುಗಿಯಲು ಎತ್ತಿದ ಕೈ ಅಲ್ಲೇ ನಿಂತಿತು.

"ದೀಪ ಯಾಕೆ ಹಚ್ಚಿಲ್ಲ ಅತ್ತೆ? ಹುಷಾರಿಲ್ವಾ?"

"ಹುಷಾರಾಗೇ ಇವ್ನಿ. ಪುರುಡು."

"ಯಾರ ಮನೇದು?"

"ನಮ್ಮನೇದೆ."

ಅವ್ವ ನನ್ನ ಕಡೆ ತಿರುಗಿದಳು. ಅವಳ ಕಿವಿಯ ಹತ್ತಿರ ಕೂದಲಿಗೆ ಮೈದಾ ಹತ್ತಿಕೊಂಡಿತ್ತು. ಕೇಳುವ ಮೊದಲೇ ಅವಳಿಗೆ ಗೊತ್ತಾಯಿತು. ಆದರೂ ಕೇಳಿದಳು.

"ನಿಂಗೆ ಯಾವತ್ತು ಗೊತ್ತಾಯ್ತು?"

"ಮಂಗಳವಾರ."

"ಮಂಗಳವಾರದಿಂದ ನನ್ ಪಕ್ಕದಲ್ಲೇ ಕೂತು ಉಂಡಿದೀಯ."

ಅವ್ವ ಕಾಲು ತೊಳೆದು ಬಂದು ಬೆಂಕಿಪೆಟ್ಟಿಗೆ ತೆಗೆದುಕೊಂಡಳು. ಅಜ್ಜಿ, "ಬ್ಯಾಡ ಕಣಮ್ಮಿ, ಹಚ್ಬಾರ್ದು," ಅಂದಳು.

"ಪುರುಡು ನಿಮ್ಗೆ ಅತ್ತೆ. ನಂಗಲ್ಲ."

"ಕಟ್ಕಂಡೋನ ವಂಶವೇ ಅಲ್ವಾ ನಿಂದೂ."

"ಕಟ್ಕಂಡೋನು ಎಲ್ಲವ್ನೆ? ತೋರ್ಸಿ. ಈ ಮನೇಲಿ ಎಲ್ಲವ್ನೆ ಅಂತ ತೋರ್ಸಿ, ಆರುಸ್ತೀನಿ."

ಅಜ್ಜಿ ತೋರಿಸಲಿಲ್ಲ. ಅವ್ವ ದೀಪ ಹಚ್ಚಿದಳು. ಅಜ್ಜಿ ತನ್ನ ತಟ್ಟೆ ತೆಗೆದುಕೊಂಡು ಜಗುಲಿಗೆ ಹೋದಳು.

ಹೀಗೆ ಒಂದೇ ಮನೆಯಲ್ಲಿ ಎರಡು ಲೆಕ್ಕ ಶುರುವಾಯಿತು. ಸಂಜೆಯಾದರೆ ಅವ್ವ ದೀಪ ಹಚ್ಚುತ್ತಾಳೆ, ಅಜ್ಜಿ ಅದಕ್ಕೆ ಬೆನ್ನು ಮಾಡಿ ಕೂರುತ್ತಾಳೆ. ನನಗೆ ಪುರುಡು ಇದೆಯೋ ಇಲ್ಲವೋ ಯಾರೂ ಹೇಳಲಿಲ್ಲ. ಕೇಳಿದರೆ ಯಾರ ಕಡೆ ಎಂದು ಹೇಳಿದ ಹಾಗಾಗುತ್ತದೆ. ದೇವರ ಗೂಡಿನ ಮುಂದೆ ಹಾದುಹೋಗುವುದನ್ನೇ ಬಿಟ್ಟು, ಹಿತ್ತಿಲ ಬಾಗಿಲಿನಿಂದ ಸುತ್ತಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ.

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಬಂದ. ಅಪ್ಪನ ದೊಡ್ಡಪ್ಪನ ಮಗ, ನಮ್ಮ ಎದುರು ಮನೆ. ನಮಗೆ ಪುರುಡಾದರೆ ಅವರಿಗೂ ಆಗುತ್ತದೆ. ಅವನ ಮಗಳಿಗೆ ಆ ಬೇಸಿಗೆಯಲ್ಲಿ ಮದುವೆಯಾಗಿತ್ತು. ಹೊಸ ಅಳಿಯ, ಬೀಗರು ಎಲ್ಲ ಹಬ್ಬದೂಟಕ್ಕೆ ಬರುವವರಿದ್ದರು. ಐದಾರು ಮನೆಯವರು ಸೇರಿ ಕುರಿ ಕಡಿದು ಗುಡ್ಡೆ ಹಾಕಿ ಹಂಚಿಕೊಳ್ಳುವುದು ನಮ್ಮ ಕಡೆಯ ರೂಢಿ. ಆ ಸಲ ಅವನು ಎರಡು ಗುಡ್ಡೆ ಹೇಳಿದ್ದ.

"ಏನ್ ಚಿಕ್ಕವ್ವ ಇದು, ಊರೆಲ್ಲ ಪುರುಡು ಅಂತ ಸಾರ್ತಾ ಇದೀಯಂತೆ?"

"ಊರ್ಗೆಲ್ಲಿ ಸಾರ್ದೆ? ನಲ್ಲಿ ಹತ್ರ ನಿನ್ ಹೆಂಡ್ತಿ ಕೇಳುದ್ಲು, ಯೋಳ್ದೆ."

"ಅವ್ಳಿಗೆ ಯೋಳೋದೂ ಒಂದೇ, ಮೈಕಲ್ಲಿ ಕೂಗೋದೂ ಒಂದೇ. ನೋಡು, ಕಟ್ಕಂಡೋಳ್ಗೆ ಹುಟ್ಟಿದ್ರೆ ಪುರುಡು. ಇಟ್ಕಂಡೋಳ್ಗೆ ಹುಟ್ಟಿದ್ದಕ್ಕೆ ಎಂಥ ಪುರುಡು? ಯಾವ ಶಾಸ್ತ್ರ ಅದು?"

ಅವ್ವ ಒಳಗೆ ಮುದ್ದೆ ತಿರುವುತ್ತಿದ್ದಳು. ಕೋಲಿನ ಸದ್ದು ನಿಂತಿತು.

ದೊಡ್ಡಪ್ಪನ ಮಾತಿಗೆ ನನ್ನೊಳಗೆ ಯಾವುದೋ ಒಂದು ಹೂಂಗುಟ್ಟಿತು. ಅವನು ಹೇಳಿದ್ದು ನಿಜವಾದರೆ ಕೂಸೇ ಇಲ್ಲ, ಪುರುಡೂ ಇಲ್ಲ, ಅಪ್ಪ ಮಂಗಳವಾರ ಬರುತ್ತಾನೆ. ಅಜ್ಜಿ ಒಂದು ಸಲ ಹೂಂ ಅಂದರೆ ಸಾಕಿತ್ತು. ನಾನು ಕಂಬ ಹಿಡಿದುಕೊಂಡು ಅವಳ ಬಾಯನ್ನೇ ನೋಡುತ್ತಿದ್ದೆ.

"ಕೂಸು ಹುಟ್ಟೋವಾಗ ತಾಳಿ ಅದಾ ಅಂತ ಕೇಳ್ಕಂಡು ಹುಟ್ತದೇನ್ಲಾ?" ಅಂದಳು ಅಜ್ಜಿ. "ಮಾಡ್ದೋನು ನನ್ ಮಗ. ಅವ್ನ ಮೈ ನಂದು. ಅದ್ರಿಂದ ಹುಟ್ಟಿದ್ದು ನಂದಲ್ಲ ಅನ್ನಕ್ಕೆ ನಿನ್ ಎರಡು ಗುಡ್ಡೆ ಬಾಡು ಸಾಕಾಯ್ತಾ?"

"ನಾನು ಬಾಡಿನ ಮಾತಾಡ್ಲಿಲ್ಲ ಕಣವ್ವ."

"ಮತ್ತಿನ್ಯಾವ ಮಾತಾಡ್ದೆ? ನಿಂಗೆ ಹಬ್ಬ ಮಾಡ್ಬೇಕಾ, ಮಾಡು. ನನ್ ಗಂಡ ಏನೂ ನಿಮ್ಮನೆಗೆ ಬಂದು ಉಣ್ಣಕಿಲ್ಲ, ಎದರ್ಕಬ್ಯಾಡ."

ದೊಡ್ಡಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಹೋಗುವಾಗ ಒಳಗೆ ಕೇಳಲೆಂದು, "ಸವತಿ ಮಗೀಗೆ ಪುರುಡು ಇಟ್ಕಂಡ ಮನೆ ಅಂತ ನಾಳೆ ಜನ ನಗ್ತಾರೆ, ಆವಾಗ ಗೊತ್ತಾಯ್ತದೆ," ಅಂದ. ಒಳಗಿಂದ ಅವ್ವ, "ನಗೋರು ನಮ್ಮನೆ ಮುಂದೆ ನಿಂತ್ಕಂಡು ನಗ್ಲಿ ಭಾವ, ನಾನೂ ನೋಡ್ತೀನಿ," ಅಂದಳು. ಅಜ್ಜಿಯ ಪರವಾಗಿ ಅವಳು ಆಡಿದ ಮಾತು ಆ ವಾರವೆಲ್ಲ ಅದೊಂದೇ. ಆದರೆ ಸಂಜೆ ಮತ್ತೆ ದೀಪ ಹಚ್ಚಿದಳು.

ಅದೇ ಭಾನುವಾರ ಹಿತ್ತಿಲಿಗೆ ಹೋಗಿ ಅಪ್ಪನಿಗೆ ನಾನೇ ಫೋನ್ ಮಾಡಿ ಹೇಳಿದೆ. "ಅಪ್ಪ, ಅಜ್ಜಿಗೆ ಗೊತ್ತಾಯ್ತು. ನಾನೇ ಹೇಳ್ಬುಟ್ಟೆ." ಬಯ್ಯಬಹುದು ಎಂದುಕೊಂಡೆ. ಬಯ್ದಿದ್ದರೆ ಒಳ್ಳೆಯದಿತ್ತು. "ಆಯ್ತು ಬುಡವ್ವ. ಇನ್ ನಾನು ಬಂದು ಏನ್ ಮಾಡ್ಲಿ," ಅಂದ. ಬರಬೇಕಾಗಿಲ್ಲ ಎಂದಾಗ ಕೆಲವರ ದನಿ ಹಗುರವಾಗುತ್ತದೆ. ಆ ಹಗುರ ಅವನ ದನಿಯಲ್ಲಿತ್ತೋ, ನಾನೇ ಹಾಗೆ ಕೇಳಿಸಿಕೊಂಡೆನೋ.

ಅಮಾವಾಸ್ಯೆಯ ದಿನ ಬೀದಿಯ ತುಂಬ ಮಸಾಲೆ ಹುರಿಯುವ ವಾಸನೆ. ದೊಡ್ಡಪ್ಪನ ಮನೆಯಲ್ಲಿ ಹಬ್ಬ ನಡೆಯಿತು. ಹೊಸ ಅಳಿಯನ ಬೈಕು ನಮ್ಮ ಬಾಗಿಲ ಮುಂದೆಯೇ ನಿಂತಿತ್ತು. ನಮ್ಮ ಮನೆಯಲ್ಲಿ ಉಪ್ಸಾರು, ಮುದ್ದೆ. ಅವ್ವ ರಜೆಯನ್ನು ರದ್ದು ಮಾಡಿರಲಿಲ್ಲ. ಮನೆಯಲ್ಲೇ ಇದ್ದಳು, ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಗಲಲ್ಲಿ ಅವಳು ಮಲಗಿದ್ದನ್ನು ನಾನು ಜ್ವರ ಬಂದಾಗ ಬಿಟ್ಟರೆ ನೋಡಿಯೇ ಇರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದರೂ ಹತ್ತರ ಬಸ್ಸು ಬಂದಾಗಲೂ ಹನ್ನೆರಡರ ಬಸ್ಸು ಬಂದಾಗಲೂ ನನ್ನ ಕಿವಿ ರಸ್ತೆಯ ಕಡೆಗಿತ್ತು. ಮಲಗಿದ್ದ ಅವ್ವನ ಕಿವಿಯೂ ಅಲ್ಲೇ ಇತ್ತೆಂದು ನನಗೆ ಅನ್ನಿಸಿತು, ಯಾಕೆಂದರೆ ಹನ್ನೆರಡರ ಬಸ್ಸು ಹೋದ ಮೇಲೆ ಅವಳು ಎದ್ದಳು. ಎದ್ದು ಬಾಣಲೆ ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಕಲ್ಲಾಗಿದ್ದ ಪಾಕವನ್ನು ಗುಂಡುಕಲ್ಲಿನಿಂದ ಜಜ್ಜಿದಳು. ಅದು ಒಡೆಯುವ ಸದ್ದು ಬಹಳ ಹೊತ್ತು ಕೇಳಿತು. ಚೂರುಗಳನ್ನೆಲ್ಲ ಡಬ್ಬಕ್ಕೆ ತುಂಬಿ ಅಟ್ಟದ ಮೇಲಿಟ್ಟಳು.

ರಾತ್ರಿ ದಿನಚರಿಯಲ್ಲಿ ‘ಅಪ್ಪ ಬರಲಿಲ್ಲ’ ಎಂದು ಬರೆದೆ.

ಗುರುವಾರ ಅಜ್ಜಿ ನೆಲ ತೊಳೆದು, ಗಂಜಲ ಚಿಮುಕಿಸಿ, ತಲೆಗೆ ನೀರು ಹುಯ್ದುಕೊಂಡು ಪುರುಡು ಕಳೆದಳು. ನನ್ನನ್ನೂ ಕೂರಿಸಿ ತಲೆಗೆ ಎರಡು ಚೆಂಬು ಸುರಿದಳು. ನನಗೆ ಪುರುಡು ಇತ್ತು ಎಂದು ಹಾಗೆ ತೀರ್ಮಾನವಾಯಿತು. ಕಣ್ಣಿಗೆ ನೀರು ಇಳಿಯುತ್ತಿರುವಾಗಲೇ, "ಭಾನ್ವಾರ ನನ್ನ ಕೋಟೆಗೆ ಕರ್ಕಂಡೋಗು ಮಗಾ," ಅಂದಳು.

"ನಾನು ಬರಲ್ಲ."

"ನಂಗೆ ಬಸ್ಸಿನ ಬೋರ್ಡು ಓದಕ್ ಬರಕಿಲ್ವಲ್ಲ."

ಬೋರ್ಡು ಓದಲು ಬಾರದಿದ್ದರೂ ಅವಳು ಮೈಸೂರಿಗೆ ಒಬ್ಬಳೇ ಹೋಗಿ ಬಂದವಳು. ನಾನು ಹೋದೆ. ಅಪ್ಪ ಫೋನ್ ಎತ್ತಲಿಲ್ಲ. ಅವನ ಗುಂಪಿನಲ್ಲಿ ಶುಂಠಿ ಕೀಳಲು ಹೋಗುತ್ತಿದ್ದ ನಮ್ಮ ಊರಿನವನೊಬ್ಬನಿಂದ ಮನೆಯ ಗುರುತು ಕೇಳಿಕೊಂಡೆ. ಅಜ್ಜಿ ಬೆಳ್ಳುಳ್ಳಿ, ಮೆಣಸು, ಕೊಬ್ಬರಿ ಗಂಟು ಕಟ್ಟಿದಳು. ಕೊನೆಗೆ ಅಟ್ಟದ ಕಡೆ ಕೈ ಚಾಚಿದಳು. ಡಬ್ಬ ಎಟುಕಲಿಲ್ಲ. ಅವ್ವ ನೋಡುತ್ತ ನಿಂತಿದ್ದಳು. ಆಮೇಲೆ ತಾನೇ ಇಳಿಸಿ ಕೆಳಗಿಟ್ಟು, ಕೆಲಸಕ್ಕೆ ಹೊತ್ತಾಯಿತೆಂದು ಹೊರಟುಹೋದಳು. ಬಾಳಂತಿಗೆ ಬೆಲ್ಲ ಬೇಕು.

ಪಿರಿಯಾಪಟ್ಟಣ, ಹುಣಸೂರು, ಕೋಟೆ. ಮೂರು ಬಸ್ಸು. ಹೆಂಗಸರಿಗೆ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಕಂಡಕ್ಟರ್ "ಎಲ್ಗಜ್ಜಿ?" ಎಂದು ಕೇಳಿದಾಗಲೆಲ್ಲ ಅಜ್ಜಿ "ಮೊಮ್ಮಗನ್ನ ನೋಡಕ್ಕೆ" ಅನ್ನುತ್ತಿದ್ದಳು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಕೋಟೆಯ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಶೀಟು ಹಾಕಿದ ಒಂದೇ ಕೋಣೆಯ ಮನೆಗಳ ಸಾಲು. ಮೂರನೆಯದರ ಬಾಗಿಲು ತೆರೆದಿತ್ತು. ಕಿವಿಗೆ ಬಟ್ಟೆ ಕಟ್ಟಿಕೊಂಡ ಒಬ್ಬಳು ಒಲೆಯ ಮುಂದೆ ಕೂತು ಊದುತ್ತಿದ್ದಳು. ನನ್ನ ಮನಸ್ಸಿನಲ್ಲಿ ಮೂರು ವರ್ಷದಿಂದ ಇದ್ದವಳಿಗೆ ಬಣ್ಣದ ಸೀರೆ, ದೊಡ್ಡ ದನಿ ಇದ್ದವು. ಇವಳು ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳಿರಬಹುದು. ಯಾರೆಂದು ಅಜ್ಜಿ ಹೇಳಿದ ಕೂಡಲೇ ಏಳಲು ಹೋಗಿ ಗೋಡೆ ಹಿಡಿದುಕೊಂಡಳು.

"ಏಳ್ಬ್ಯಾಡ, ಏಳ್ಬ್ಯಾಡ. ಹಸಿ ಬಾಳಂತಿ. ಒಲೆ ಮುಂದೆ ಯಾಕೆ ಕೂತೆ? ಮಾಡಿಕ್ಕೋರಿಲ್ವಾ?"

"ಪಕ್ಕದ್ಮನೆ ಅಕ್ಕ ಬತ್ತಾರೆ ಅವ್ವ. ಇವತ್ತು ಅವ್ರು ಕೆಲಸಕ್ಕೆ ಹೋದ್ರು." ಆಮೇಲೆ ನನ್ನ ಕಡೆ ನೋಡಿ, "ಕೂತ್ಕಳಿ," ಅಂದಳು. ನನಗೆ ಬಹುವಚನ ಹಾಕಿದಳು. ನಾನು ಬಾಗಿಲ ಹತ್ತಿರವೇ ಕೂತೆ.

ಚಾಪೆಯ ಮೇಲೆ ಹಳೆಯ ಪಂಚೆಯ ಸುತ್ತಿನೊಳಗೆ ಕೂಸು ಮಲಗಿತ್ತು. ಆ ಪಂಚೆ ನನಗೆ ಗೊತ್ತಿತ್ತು. ಅವ್ವ ಒಗೆದು ಮಡಿಸಿ ಚೀಲಕ್ಕೆ ತುಂಬಿದವುಗಳಲ್ಲಿ ಅದೂ ಒಂದು.

ಅವಳು ರಸ್ತೆಯ ಕಡೆಗೊಮ್ಮೆ ನೋಡಿ ಕೇಳಿದಳು, "ಅವ್ರು ಬರ್ಲಿಲ್ವಾ ನಿಮ್ ಜೊತೆ?"

"ಯಾರು?" ಅಂದೆ ನಾನು.

"ಸೋಮವಾರವೇ ಹೊರಟ್ರಲ್ಲ ನಿಮ್ಮೂರಿಗೆ. ಹಬ್ಬ, ಎಡೆ ಮಡಗ್ಲೇಬೇಕು ಅಂತ. ಫೋನೂ ಎತ್ತುತಿಲ್ಲ. ಅಲ್ಲೇ ಉಳ್ಕಂಡ್ರೇನೋ ಅಂದ್ಕಂಡೆ."

ಅಮಾವಾಸ್ಯೆಯ ದಿನ ಅವನು ನಮ್ಮ ಮನೆಗೆ ಬಂದಿರಲಿಲ್ಲ. ಇವಳ ಮನೆಯಲ್ಲೂ ಇರಲಿಲ್ಲ. ಹೌದು, ನಮ್ಮಲ್ಲೇ ಇದ್ದಾನೆ ಅಂದರೆ ಅವಳಿಗೆ ಆ ದಿನಕ್ಕೆ ಸಮಾಧಾನ. ಇಲ್ಲ ಅಂದರೆ ಆ ಒಲೆಯ ಮುಂದೆ ಅವಳನ್ನು ಏನು ಮಾಡುವುದು? ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಗಂಟು ಬಿಚ್ಚುತ್ತ, ತಲೆಯೆತ್ತದೆ ಹೇಳಿಬಿಟ್ಟಳು.

"ಎಡೆ ಎಲ್ ಮಡಗಕ್ಕಾಯ್ತದವ್ವ? ಪುರುಡಲ್ವಾ ನಮ್ಗೆ?"

"ಯಾರ್ದು ಪುರುಡು?"

"ಇನ್ಯಾರ್ದು? ಇವ್ನ್ದೆ."

ಅವಳು ಕೂಸಿನ ಕಡೆ ತಿರುಗಿದಳು. ಒಲೆ ಹೊಗೆಯಾಡುತ್ತಿತ್ತು. "ಎಂಟು ದಿನದ ಕೂಸು ಬುಟ್ಟು ಎಡೆ ಮಡಗಕ್ಕೆ ಹೋದ್ರಲ್ಲ," ಅಂದಳು. "ಅಂಗಾರೆ ಆ ಮನೇಲಿ ನಮ್ ಕೂಸು ಲೆಕ್ಕಕ್ಕೇ ಇಲ್ಲ ಅಂತ ಅಂದ್ಕಂಡಿದ್ದೆ ನಾನು. ನಿಜ್ವಾಗ್ಲೂ ಇಟ್ಕಂಡಿದ್ರಾ?"

"ಗುರುವಾರ ಕಳ್ದೊ. ಇವ್ಳ್ಗೂ ನೀರು ಉಯ್ದೆ. ಕೇಳು ಬೇಕಾದ್ರೆ."

ಅವಳು ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಆಗ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನು ಹೇಳಿದ್ದು ಸುಳ್ಳು ಎಂದು ಗೊತ್ತಾದದ್ದಕ್ಕೋ, ಕೂಸು ಲೆಕ್ಕಕ್ಕಿದೆ ಎಂದು ಗೊತ್ತಾದದ್ದಕ್ಕೋ, ಎರಡೂ ಒಂದೇ ಮಾತಿನಲ್ಲಿ ಬಂದಿದ್ದವು. ಸೆರಗು ತೆಗೆದ ಮೇಲೆ ಕೇಳಿದಳು:

"ಅಂಗಾರೆ ಅವ್ರು ಎಲ್ಲವ್ರೆ?"

"ಬತ್ತಾನೆ ಬುಡು," ಅಂದಳು ಅಜ್ಜಿ. "ಎಲ್ಗೋಯ್ತಾನೆ."

ಆ ಮಾತು ನಮ್ಮ ಮನೆಯದು. ಅದೇ ದನಿಯಲ್ಲಿ, ಅದೇ ರೀತಿ ಕೈ ಅಲ್ಲಾಡಿಸುತ್ತ, ಮೂರು ವರ್ಷ ಅಜ್ಜಿ ಅದನ್ನು ಅವ್ವನಿಗೂ ನನಗೂ ಹೇಳಿದ್ದಳು. ಇನ್ನೊಬ್ಬರ ಮನೆಯಲ್ಲಿ, ಇನ್ನೊಬ್ಬರಿಗೆ ಅದನ್ನು ಹೇಳುವುದು ಕೇಳಿದಾಗ ನಾವು ಅದನ್ನು ಯಾವತ್ತೂ ನಂಬಿರಲಿಲ್ಲ ಎಂದು ಗೊತ್ತಾಯಿತು.

ಕೂಸು ಎದ್ದು ಅಳತೊಡಗಿತು. ಅವಳ ಕೈ ಮಸಿಯಾಗಿತ್ತು, ಅಜ್ಜಿಯ ಕೈಯಲ್ಲಿ ಬೆಳ್ಳುಳ್ಳಿ. "ಒಸಿ ಎತ್ಕಳಿ," ಅಂದಳು ಅವಳು ನನಗೆ. ಎತ್ತಿಕೊಂಡೆ. ಭಾರವೇ ಇರಲಿಲ್ಲ. ಪಂಚೆಯಿಂದ ಕೈಯೊಂದು ಹೊರಬಂದು ಗಾಳಿಯಲ್ಲಿ ಏನನ್ನೋ ಹುಡುಕಿತು. ಪ್ರೀತಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಒಂದು ದಿನವನ್ನು ಇವನು ಕಸಿದುಕೊಂಡ ಎಂದು ಹನ್ನೆರಡು ದಿನ ಅಂದುಕೊಂಡಿದ್ದೆ. ಆ ದಿನ ಇವನ ಹತ್ತಿರವೂ ಇರಲಿಲ್ಲ. ಅಷ್ಟೇ ಹೊಳೆಯಿತು. ಹೊಳೆದ ಮೇಲೆ ಅವನನ್ನು ಕೆಳಗಿಡಲು ಹೋದೆ, ಅಳು ಜೋರಾಯಿತು, ಮತ್ತೆ ಎತ್ತಿಕೊಂಡೆ.

ನಾವು ಊರು ಸೇರುವಾಗ ಅವ್ವ ಕೆಲಸದಿಂದ ಬಂದಿದ್ದಳು. ಅಜ್ಜಿ ಕಾಲು ತೊಳೆಯಲು ಹೋದಳು. ಅವ್ವ ಅಕ್ಕಿ ಆರಿಸುತ್ತಿದ್ದಳು. ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು.

"ಯಾರ ತರ ಅವ್ನೆ?"

"ಕಿವಿ ಅಪ್ಪಂದು. ಮಿಕ್ಕಿದ್ದು ಗೊತ್ತಾಗ್ಲಿಲ್ಲ."

"ಇದ್ನಾ ಅವ್ನು?"

"ಇಲ್ಲ. ಹಬ್ಬಕ್ಕೆ ನಮ್ಮನೆಗೆ ಬಂದವ್ನೆ ಅಂತ ಅವ್ರು ಅಂದ್ಕಂಡಿದ್ರು."

ಅವ್ವನ ಬೆರಳು ಅಕ್ಕಿಯಲ್ಲಿ ನಿಂತಿತು. ನಗುತ್ತಾಳೆ ಅಥವಾ ಬಯ್ಯುತ್ತಾಳೆ ಎಂದು ಕಾದೆ. ಅವಳಿಗೆ ಅದರ ಹಕ್ಕಿತ್ತು. ಅವಳು ಒಂದು ಕಲ್ಲು ಹೆಕ್ಕಿ ಎಸೆದಳು. ಇನ್ನೊಂದು ಹೆಕ್ಕಿದಳು.

"ಮತ್ತೆ ಬಾಳಂತಿಗೆ ನೀರು ಕಾಯ್ಸಿ ಉಯ್ಯೋರು ಯಾರು?"

"ಪಕ್ಕದ್ಮನೆಯವ್ರು. ಅವ್ರಿಗೆ ಬಿಡುವಾದಾಗ."

ಅವ್ವ ಅಕ್ಕಿಯ ತಟ್ಟೆಯನ್ನು ಇನ್ನೊಮ್ಮೆ ಕೊಡವಿದಳು. ಹೊರಗೆ ಕತ್ತಲಾಗಿತ್ತು, ದೇವರ ಗೂಡಿನ ದೀಪ ಇನ್ನೂ ಹಚ್ಚಿರಲಿಲ್ಲ. ಬೆಂಕಿಪೆಟ್ಟಿಗೆ ಅವಳ ಪಕ್ಕದಲ್ಲೇ ಇದ್ದರೂ ಮುಟ್ಟಲಿಲ್ಲ. ಅಜ್ಜಿ ಒಳಗೆ ಬಂದಾಗ, "ನೀವೇ ಹಚ್ಚಿ ಅತ್ತೆ, ನಂಗೆ ಕೈ ಬಿಡುವಿಲ್ಲ," ಅಂದಳು.

ಮಲಗುವ ಮುಂಚೆ ಮೂರು ಬಸ್ಸುಗಳ ಸಮಯ ಬರೆದೆ. ಆಮೇಲೆ ಹಿಂದಕ್ಕೆ ತಿರುಗಿಸಿ ಅಮಾವಾಸ್ಯೆಯ ಪುಟ ತೆಗೆದೆ. ‘ಅಪ್ಪ ಬರಲಿಲ್ಲ’ ಎಂದಿತ್ತು. ಅದರ ಮುಂದೆ ‘ಅಲ್ಲೂ ಇರಲಿಲ್ಲ’ ಎಂದು ಸೇರಿಸಿದೆ.